ಅರ್ಲಿ ಡಿಸಿಷನ್‌ಗೆ ಸಹಿ ಹಾಕುವ ಮೊದಲು ನಾವು ಹಾಕಿದ ಲೆಕ್ಕ

ನಾವಿರುವುದು ನ್ಯೂಜೆರ್ಸಿಯಲ್ಲಿ. ಗಂಡ ಹೆಂಡತಿ ಇಬ್ಬರಿಗೂ ಕೆಲಸ ಇದೆ, ಮನೆ ಸಾಲ ಇದೆ, ಊರಿನಲ್ಲಿರುವ ಅತ್ತೆ ಮಾವನಿಗೆ ತಿಂಗಳು ತಿಂಗಳೂ ದುಡ್ಡು ಕಳಿಸುತ್ತೇವೆ. ಕಾಲೇಜಿನ ನೆರವು ಧಾರಾಳವಾಗಿ ಸಿಗುವಷ್ಟು ಕಡಿಮೆ ಸಂಬಳ ನಮ್ಮದಲ್ಲ. ಖಾಸಗಿ ಕಾಲೇಜಿನ ಪೂರ್ತಿ ಖರ್ಚು ಭರಿಸುವಷ್ಟು ಜಾಸ್ತಿಯೂ ಅಲ್ಲ. ಆ ಖರ್ಚು ಈಗ ಹಲವು ಕಡೆ ವರ್ಷಕ್ಕೆ 90 ಸಾವಿರ ಡಾಲರ್ ದಾಟಿದೆ. ದೊಡ್ಡ ಮಗಳು ಹನ್ನೆರಡನೇ ತರಗತಿಗೆ ಬಂದಾಗ ಗೆಳೆಯರೆಲ್ಲ ಕೇಳುತ್ತಿದ್ದದ್ದು ಒಂದೇ: ‘ಇ.ಡಿ. ಎಲ್ಲಿಗೆ ಹಾಕ್ತಿದ್ದೀರಿ?’

ಇ.ಡಿ. ಅಂದರೆ ಅರ್ಲಿ ಡಿಸಿಷನ್. ಸಾಮಾನ್ಯವಾಗಿ ನವೆಂಬರ್ 1 ಅಥವಾ 15ರೊಳಗೆ ಒಂದೇ ಒಂದು ಕಾಲೇಜಿಗೆ ಅರ್ಜಿ ಹಾಕಬೇಕು. ಸೀಟು ಕೊಟ್ಟರೆ ಅಲ್ಲೇ ಸೇರುವುದಾಗಿ ಮಗು, ಅಪ್ಪ ಅಮ್ಮನಲ್ಲಿ ಒಬ್ಬರು ಮತ್ತು ಶಾಲೆಯ ಕೌನ್ಸೆಲರ್ ಸಹಿ ಹಾಕುತ್ತಾರೆ. ಡಿಸೆಂಬರ್ ನಡುವೆ ಫಲಿತಾಂಶ ಬರುತ್ತದೆ. ಸೀಟು ಸಿಕ್ಕಿದರೆ ಬೇರೆ ಅರ್ಜಿಗಳನ್ನೆಲ್ಲ ವಾಪಸ್ ತೆಗೆದುಕೊಳ್ಳಬೇಕು. ಹೀಗೆ ಹಾಕಿದವರಿಗೆ ಸೀಟು ಸಿಗುವ ಪ್ರಮಾಣ ಹಲವು ಕಾಲೇಜುಗಳಲ್ಲಿ ಜಾಸ್ತಿ ಇರುತ್ತದೆ, ಅದಕ್ಕೇ ಇಷ್ಟು ಆಸೆ. ಆದರೆ ನಾಲ್ಕು ಕಾಲೇಜಿನ ಆಫರ್ ಪಕ್ಕಪಕ್ಕ ಇಟ್ಟು ನೋಡುವ ಅವಕಾಶ ಅಲ್ಲಿಗೆ ಮುಗಿಯಿತು. ನಮ್ಮಂಥವರಿಗೆ ಬೇಕಾಗಿರುವುದೇ ಆ ಅವಕಾಶ, ಅಲ್ವಾ?

ಬೇಸಿಗೆ ರಜೆಯಲ್ಲೇ ಮಗಳನ್ನು ಕೂರಿಸಿಕೊಂಡು ನಮ್ಮ ಸಂಬಳ, ಸಾಲ, ಉಳಿತಾಯ ಎಲ್ಲ ತೋರಿಸಿದೆವು. ಮಕ್ಕಳ ಮುಂದೆ ದುಡ್ಡಿನ ಮಾತು ಆಡಬಾರದು ಅನ್ನುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಈ ವಿಷಯದಲ್ಲಿ ಅದನ್ನು ಬಿಡಲೇಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸಿತ್ತು, ಸಹಿ ಹಾಕುವವರಲ್ಲಿ ಅವಳೂ ಒಬ್ಬಳು. ವರ್ಷಕ್ಕೆ 40 ಸಾವಿರ ಡಾಲರ್ ನಮ್ಮ ಮಿತಿ ಅಂತ ಮೂವರೂ ಒಪ್ಪಿಕೊಂಡೆವು.

ಆಮೇಲೆ ಅವಳ ಪಟ್ಟಿಯಲ್ಲಿದ್ದ ಪ್ರತಿಯೊಂದು ಕಾಲೇಜಿನ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ತೆರೆದೆವು. ನೆರವು ಕಳೆದ ಮೇಲೆ ನಮ್ಮ ಕೈಯಿಂದ ಎಷ್ಟು ಹೋಗುತ್ತದೆ ಅಂತ ತೋರಿಸುವ ಲೆಕ್ಕ ಅದು. ಸರ್ಕಾರದ ವಿದ್ಯಾರ್ಥಿ ನೆರವಿನಲ್ಲಿ ಪಾಲಿರುವ ಕಾಲೇಜುಗಳೆಲ್ಲ ಇದನ್ನು 2011ರಿಂದ ಕಡ್ಡಾಯವಾಗಿ ವೆಬ್‌ಸೈಟಿನಲ್ಲಿ ಇಡಬೇಕು. ತೆರಿಗೆ ಕಾಗದ ಪಕ್ಕದಲ್ಲಿಟ್ಟುಕೊಂಡು ಸರಿಯಾದ ಅಂಕಿ ತುಂಬಬೇಕು, ಅಂದಾಜು ಹಾಕಿದರೆ ಬರುವ ಉತ್ತರವೂ ಅಂದಾಜೇ. ಪ್ರತಿ ಫಲಿತಾಂಶವನ್ನೂ ತಾರೀಖಿನ ಸಮೇತ ಪ್ರಿಂಟ್ ತೆಗೆದಿಟ್ಟೆ.

ಒಂದೇ ಮನೆಯ ಲೆಕ್ಕಕ್ಕೆ ಬಂದ ಉತ್ತರಗಳು ಎಷ್ಟು ಬೇರೆ ಬೇರೆ! ಮುಖ್ಯ ಕಾರಣ ನಾವಿರುವ ಮನೆ. ಕೊಂಡ ಮೇಲೆ ಅದರ ಬೆಲೆ ಬಹಳ ಏರಿದೆ. ನೆರವು ಕೇಳಲು ತುಂಬುವ ಸರ್ಕಾರದ ಅರ್ಜಿ ಫಾಫ್ಸಾ ವಾಸದ ಮನೆಯನ್ನು ಆಸ್ತಿಯಾಗಿ ಎಣಿಸುವುದಿಲ್ಲ. ಆದರೆ ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಇನ್ನೊಂದು ನೆರವಿನ ಅರ್ಜಿ ಕೇಳುವ ಖಾಸಗಿ ಕಾಲೇಜುಗಳಲ್ಲಿ ಹಲವು ಎಣಿಸುತ್ತವೆ. ಹಾರ್ವರ್ಡ್, ಪ್ರಿನ್ಸ್‌ಟನ್ ಎಣಿಸುವುದಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವೂ 2025-26ರಿಂದ ಬಿಟ್ಟಿದೆ. ಮೈಸೂರಿನಲ್ಲಿ ನಮ್ಮ ಹೆಸರಿನಲ್ಲಿರುವ ಸೈಟನ್ನು ಎರಡೂ ಅರ್ಜಿಗಳಲ್ಲಿ ತೋರಿಸಬೇಕು. ಊರಿನ ಆಸ್ತಿ ಇಲ್ಲಿ ಯಾರಿಗೆ ಗೊತ್ತಾಗುತ್ತೆ ಅನ್ನುವವರಿದ್ದಾರೆ. ದಯವಿಟ್ಟು ಆ ಮಾತು ಕೇಳಬೇಡಿ. ಅತ್ತೆ ಮಾವನಿಗೆ ಕಳಿಸುವ ದುಡ್ಡಿಗೆ ಫಾಫ್ಸಾದಲ್ಲಿ ಜಾಗವೇ ಇಲ್ಲ. ಸಿಎಸ್‌ಎಸ್‌ನಲ್ಲಿ ವಿಶೇಷ ಪರಿಸ್ಥಿತಿ ವಿವರಿಸುವ ಜಾಗ ಇದೆ, ಅಲ್ಲಿ ಬರೆದೆವು.

ಮಗಳು ತುಂಬಾ ಇಷ್ಟಪಟ್ಟಿದ್ದ ಕಾಲೇಜಿನ ಕ್ಯಾಲ್ಕುಲೇಟರ್ ವರ್ಷಕ್ಕೆ 71 ಸಾವಿರ ಡಾಲರ್ ತೋರಿಸಿತು. ‘ಹಾಕಿಬಿಡಿ, ನೆರವು ಸಾಲದಿದ್ದರೆ ಹೊರಗೆ ಬರಬಹುದು’ ಅಂದವರು ಬಹಳ. ಆ ದಾರಿ ಇರುವುದು ನಿಜ. ಆದರೆ ಅದು ಇರುವುದು ನಿರೀಕ್ಷಿಸಿದ ನೆರವು ಬಾರದವರಿಗೆ. 71 ಸಾವಿರ ಅಂತ ಮೊದಲೇ ಗೊತ್ತಿದ್ದು, ಕಾಲೇಜು ಅಷ್ಟೇ ಕೇಳಿದಾಗ, ಆಗಲ್ಲ ಅನ್ನುವುದು ಕೊಟ್ಟ ಮಾತಿಗೆ ತಪ್ಪಿದಂತೆ. ಕೌನ್ಸೆಲರ್ ಸಹಿಯೂ ಅದರಲ್ಲಿದೆ. ಮುಂದೆ ಅದೇ ಶಾಲೆಯಿಂದ ಅರ್ಜಿ ಹಾಕುವ ಮಕ್ಕಳ ಹಿತವನ್ನೂ ಅವರು ನೋಡಿಕೊಳ್ಳಬೇಕು.

ಹಾಗಾಗಿ ನಾವು ಇ.ಡಿ. ಹಾಕಲಿಲ್ಲ. ಆ ರಾತ್ರಿ ಅವಳು ಅತ್ತಳು, ನನಗೂ ಸಂಕಟವಾಯಿತು. ಬದಲಿಗೆ ಅರ್ಲಿ ಆ್ಯಕ್ಷನ್ ಇರುವ ಕಡೆಗಳಿಗೆ ನವೆಂಬರ್ 1ರೊಳಗೆ ಅರ್ಜಿ ಹಾಕಿದಳು. ಅದೂ ಬೇಗ ಉತ್ತರ ಕೊಡುತ್ತದೆ, ಸೇರಲೇಬೇಕು ಅನ್ನುವ ಕಟ್ಟು ಇಲ್ಲ. ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ ರಟ್ಗರ್ಸ್ ಅದರಲ್ಲಿತ್ತು. ಅಂಕ ನೋಡಿ ಮೆರಿಟ್ ಸ್ಕಾಲರ್‌ಶಿಪ್ ಕೊಡುವ ಖಾಸಗಿ ಕಾಲೇಜುಗಳನ್ನೂ ಹುಡುಕಿ ಸೇರಿಸಿದೆವು. ಹಾರ್ವರ್ಡ್, ಪ್ರಿನ್ಸ್‌ಟನ್ ಇರುವ ಎಂಟು ಹೆಸರಾಂತ ವಿಶ್ವವಿದ್ಯಾಲಯಗಳ ಗುಂಪಾದ ಐವಿ ಲೀಗ್‌ನಲ್ಲಿ ಮೆರಿಟ್ ಸ್ಕಾಲರ್‌ಶಿಪ್ ಇಲ್ಲವೇ ಇಲ್ಲ, ಇದು ನಮ್ಮವರಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ.

ಏಪ್ರಿಲ್ ಹೊತ್ತಿಗೆ ಕೈಯಲ್ಲಿ ಹಲವು ಆಫರ್ ಇದ್ದವು. ಸ್ಕಾಲರ್‌ಶಿಪ್ ಕೊಟ್ಟ ಒಂದು ಕಾಲೇಜು ನಮ್ಮ ಮಿತಿಗಿಂತ ಸ್ವಲ್ಪ ಮೇಲಿತ್ತು. ಮಗಳೇ ಮರ್ಯಾದೆಯಿಂದ ಒಂದು ಪತ್ರ ಬರೆದು, ಇನ್ನೊಂದು ಆಫರ್ ಜೊತೆಗಿಟ್ಟು ಕಳಿಸಿದಳು. ಸ್ಕಾಲರ್‌ಶಿಪ್ ಮೊತ್ತ ಏರಿಸಿದರು, ನಮ್ಮ ಖರ್ಚು 39 ಸಾವಿರಕ್ಕೆ ಬಂತು. ಅಲ್ಲೇ ಓದುತ್ತಿದ್ದಾಳೆ.

ಈಗ ಚಿಕ್ಕವಳ ಸರದಿ. ಎರಡು ಮಕ್ಕಳು ಒಟ್ಟಿಗೆ ಕಾಲೇಜಿನಲ್ಲಿದ್ದರೆ ಫಾಫ್ಸಾ ಲೆಕ್ಕದಲ್ಲಿ ಸಿಗುತ್ತಿದ್ದ ರಿಯಾಯಿತಿ 2024-25ರಿಂದ ಹೋಗಿದೆ. ಮೊದಲ ವರ್ಷದ ನೆರವಿಗೆ ನೋಡುವುದು ಹತ್ತನೇ ತರಗತಿಯ ಜನವರಿಯಿಂದ ಹನ್ನೊಂದನೇ ತರಗತಿಯ ಡಿಸೆಂಬರ್‌ವರೆಗಿನ ಆದಾಯ. ಸೈಟ್ ಮಾರಿದರೆ ಆ ಲಾಭವೂ ಅದರಲ್ಲಿ ಸೇರುತ್ತದೆ. ಹಾಗಾಗಿ ಮಾರುವುದಿದ್ದರೆ ಅವಳು ಹತ್ತನೇ ತರಗತಿಯಲ್ಲಿರುವಾಗ, ಜನವರಿ ಬರುವ ಮೊದಲೇ ಮಾರಬೇಕು ಅಂತ ಮನೆಯಲ್ಲಿ ಮಾತಾಡಿಕೊಂಡಿದ್ದೇವೆ.