ರಕ್ಷಣಾ ಆದೇಶ ಮೀರಿ ಮತ್ತೆ ಮನೆಗೆ ಬಂದರೆ ಏನು ಮಾಡಬೇಕು?

ಹತ್ತಿರ ಸುಳಿಯಬಾರದು, ಫೋನ್ ಮಾಡಬಾರದು ಎಂದು ಮ್ಯಾಜಿಸ್ಟ್ರೇಟರು ಆದೇಶ ಕೊಟ್ಟ ಮೇಲೂ ಗಂಡ ಬಂದು ಬಾಗಿಲು ಬಡಿದರೆ ಅದು ಪ್ರತ್ಯೇಕ ಅಪರಾಧ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ 31ನೇ ಸೆಕ್ಷನ್ ಇದಕ್ಕೆ ಒಂದು ವರ್ಷದವರೆಗೆ ಜೈಲು, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಮೀರಿದ್ದು ಮಧ್ಯಂತರ ರಕ್ಷಣಾ ಆದೇಶವಾದರೂ ಇದೇ ಶಿಕ್ಷೆ. 32ನೇ ಸೆಕ್ಷನ್ ಪ್ರಕಾರ ಇದು ಸಂಜ್ಞೇಯ, ಜಾಮೀನುರಹಿತ ಅಪರಾಧ. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು.

ಎದುರಿಗೇ ಅಪಾಯವಿದ್ದರೆ ಬಾಗಿಲು ತೆರೆಯಬೇಡಿ, 112ಕ್ಕೆ ಕರೆ ಮಾಡಿ. ವಿಳಾಸ ಹೇಳಿದ ಕೂಡಲೇ, ‘ಕೋರ್ಟಿನ ರಕ್ಷಣಾ ಆದೇಶವಿದೆ, ಅದನ್ನು ಮೀರಿ ಬಂದಿದ್ದಾರೆ’ ಎಂದು ಸ್ಪಷ್ಟವಾಗಿ ಹೇಳಿ. ‘ಗಂಡ ಜಗಳ ಮಾಡ್ತಿದ್ದಾನೆ’ ಎಂದಷ್ಟೇ ಹೇಳಿದರೆ ಸಂಸಾರದ ಕಿರಿಕಿರಿ ಎಂದುಕೊಂಡು ಹಗುರವಾಗಿ ತೆಗೆದುಕೊಳ್ಳುವ ಸಾಧ್ಯತೆ ಹೆಚ್ಚು. ಪೆಟ್ಟಾಗಿದ್ದರೆ ಆಸ್ಪತ್ರೆಯಲ್ಲಿ ಯಾರು, ಯಾವುದರಿಂದ ಹೊಡೆದರು ಎಂಬುದನ್ನು ವೈದ್ಯರಿಗೆ ತಿಳಿಸಿ, ಅದು ದಾಖಲೆಗೆ ಬರುವಂತೆ ನೋಡಿಕೊಳ್ಳಿ. ನಾಚಿಕೆಗೋ ಹೆದರಿಕೆಗೋ ‘ಜಾರಿ ಬಿದ್ದೆ’ ಎಂದು ಬರೆಸಿದರೆ ಮುಂದೆ ಆ ಚೀಟಿಯೇ ನಿಮಗೆ ಎದುರು ಸಾಕ್ಷಿಯಾಗುತ್ತದೆ. ಬಾಸುಂಡೆ ಎರಡನೇ ದಿನ ಇನ್ನಷ್ಟು ಎದ್ದು ಕಾಣುವುದರಿಂದ ಫೋಟೊವನ್ನು ಅಂದೂ ಮರುದಿನವೂ ತೆಗೆಯಿರಿ.

ಮೆಸೇಜು, ಕರೆಗಳ ಪಟ್ಟಿ, ವಾಯ್ಸ್ ನೋಟ್ ಯಾವುದನ್ನೂ ಅಳಿಸಬೇಡಿ. ನಂಬರ್, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟರೂ ಮೂಲ ಫೋನನ್ನು ಮಾರುವುದು, ರಿಸೆಟ್ ಮಾಡುವುದು ಬೇಡ. ಡಿಜಿಟಲ್ ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡುವಾಗ ಅದನ್ನು ದೃಢೀಕರಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರ ಬೇಕಾಗುತ್ತದೆ. ವಕೀಲರಿಗೆ ಮೊದಲೇ ನೆನಪಿಸಿ. ಪಕ್ಕದ ಮನೆಯ ಸಿಸಿಟಿವಿ ದೃಶ್ಯವನ್ನು ಅಂದೇ ಕೇಳಿ ಪಡೆಯಿರಿ, ಹಳೆಯದರ ಮೇಲೆ ಹೊಸದು ದಾಖಲಾಗಿ ಅಳಿಸಿಹೋಗುತ್ತದೆ. ಸಾಕ್ಷಿಯೇ ಇಲ್ಲ ಎಂದು ಸುಮ್ಮನಾಗಬೇಡಿ. ನೊಂದ ಮಹಿಳೆಯ ಹೇಳಿಕೆಯೊಂದನ್ನೇ ಆಧರಿಸಿ ಅಪರಾಧ ನಡೆದಿದೆ ಎಂಬ ತೀರ್ಮಾನಕ್ಕೆ ಬರಲು ಕೌಟುಂಬಿಕ ಹಿಂಸೆ ಕಾಯ್ದೆಯ 32ನೇ ಸೆಕ್ಷನ್ ನ್ಯಾಯಾಲಯಕ್ಕೆ ಅವಕಾಶ ಕೊಟ್ಟಿದೆ.

ದೂರು ಬರೆಯುವ ಬಗೆ

ಹೆಚ್ಚಿನ ದೂರುಗಳು ಸಡಿಲವಾಗುವುದು ಇಲ್ಲೇ. ಮದುವೆಯಾದಾಗಿನಿಂದ ಅನುಭವಿಸಿದ್ದನ್ನೆಲ್ಲ ಬರೆದರೆ ಮೊನ್ನೆ ನಡೆದದ್ದು ಅದರಲ್ಲಿ ಮುಳುಗಿಹೋಗುತ್ತದೆ. ಆದೇಶವನ್ನು ಮುಂದಿಟ್ಟುಕೊಂಡು, ಎದುರುದಾರ (ಆದೇಶ ಯಾರ ವಿರುದ್ಧವೋ ಆ ವ್ಯಕ್ತಿ) ಮಾಡಿದ ಕೃತ್ಯ ಯಾವ ಷರತ್ತಿಗೆ ತಾಗುತ್ತದೆ ಎಂದು ಹುಡುಕಿ. ಬರವಣಿಗೆ ಹೀಗಿರಲಿ: ‘ಇಂಥ ಪ್ರಕರಣದ ಆದೇಶದ 2ನೇ ಷರತ್ತಿನಂತೆ ಎದುರುದಾರರು ನನ್ನ ಮನೆಗೆ ಬರುವಂತಿಲ್ಲ. ಇಂಥ ದಿನ ರಾತ್ರಿ 9.40ಕ್ಕೆ ಗೇಟು ಹಾರಿ ಬಂದು, ಬಾಗಿಲಿಗೆ ಒದ್ದು, “ಕೇಸು ವಾಪಸ್ ತಗೋ, ಇಲ್ಲಾಂದ್ರೆ ಮುಗಿಸಿಬಿಡ್ತೀನಿ” ಎಂದರು. ಪಕ್ಕದ ಮನೆಯವರು ನೋಡಿದ್ದಾರೆ.’ ಆಡಿದ ಮಾತನ್ನು ತಿದ್ದದೆ ಇದ್ದ ಹಾಗೇ ಬರೆಯಿರಿ. ಬೆದರಿಕೆ, ಹಲ್ಲೆ, ಹಿಂಬಾಲಿಸುವಿಕೆಗೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್‌ಗಳೂ ಸೇರುವುದು ಈ ವಿವರಗಳಿಂದಲೇ. ಆದೇಶದಲ್ಲಿ ನಿಷೇಧವಿದ್ದರೆ ಮಗುವಿನ ಶಾಲೆಗೆ ನುಗ್ಗುವುದು, ನಿಮ್ಮ ಒಡವೆ ಮಾರುವುದು, ಜಂಟಿ ಲಾಕರ್ ತೆರೆಯುವುದೂ ಉಲ್ಲಂಘನೆಯೇ.

ದೂರಿಗೆ ಆದೇಶದ ಪ್ರತಿ ಲಗತ್ತಿಸಿ. ಆ ಪ್ರತಿಯನ್ನು ನ್ಯಾಯಾಲಯ ಉಚಿತವಾಗಿ ಕೊಡಬೇಕು (ಕೌಟುಂಬಿಕ ಹಿಂಸೆ ಕಾಯ್ದೆಯ 24ನೇ ಸೆಕ್ಷನ್). ಠಾಣೆಗೆ ಮೊದಲೇ ಒಂದು ಪ್ರತಿ ತಲುಪಿಸಿ ಮೊಹರು ಹಾಕಿಸಿಕೊಂಡಿದ್ದರೆ ಅರ್ಧ ಕೆಲಸ ಮುಗಿದಂತೆ.

ಠಾಣೆಯಲ್ಲಿ ‘ಕರೆಸಿ ಬುದ್ಧಿ ಹೇಳ್ತೀವಿ’ ಎಂದು ಮುಚ್ಚಳಿಕೆ ಬರೆಸಿಕೊಂಡು ಕಳಿಸುವುದುಂಟು. ಒಪ್ಪಬೇಡಿ, ಎಫ್‌ಐಆರ್ ಕೇಳಿ, ಅದರ ಉಚಿತ ಪ್ರತಿ ಪಡೆಯಿರಿ. ಬೇರೆ ಊರಿನ ತವರಿನಲ್ಲಿದ್ದರೆ ಅಲ್ಲಿಯ ಠಾಣೆಯಲ್ಲೇ ಜೀರೋ ಎಫ್‌ಐಆರ್ (ಘಟನೆ ಬೇರೆ ಠಾಣೆಯ ವ್ಯಾಪ್ತಿಯದಾದರೂ ದಾಖಲಿಸುವ ಎಫ್‌ಐಆರ್) ಆಗಬೇಕು. ನಿರಾಕರಿಸಿದರೆ ಹಿಂಬರಹ (ಪೊಲೀಸರ ಲಿಖಿತ ಉತ್ತರ) ಕೇಳಿ, ದೂರಿನ ಸಾರವನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ರಡಿ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು.

ಠಾಣೆಯ ಮೆಟ್ಟಿಲು ಹತ್ತಲು ಮನಸ್ಸಿಲ್ಲದಿದ್ದರೆ ಈ ಕಾಯ್ದೆಯಡಿ ನೊಂದ ಮಹಿಳೆಯರ ನೆರವಿಗೆ ಸರ್ಕಾರ ನೇಮಿಸಿದ ಸಂರಕ್ಷಣಾಧಿಕಾರಿಗೆ ಬರೆದು ಸಹಿ ಹಾಕಿ ಕೊಡಿ. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಈ ಹೊಣೆ ಹೊತ್ತಿದ್ದಾರೆ. ಇದೇ ಕಾಯ್ದೆಯ 2006ರ ನಿಯಮಗಳ 15ನೇ ನಿಯಮದಂತೆ ಅವರು ಅದನ್ನು ಆದೇಶದ ಪ್ರತಿಯೊಂದಿಗೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ನೀವು ನೆರವು ಕೇಳಿದರೆ ಪೊಲೀಸರ ಸಹಾಯದಿಂದ ತಕ್ಷಣ ರಕ್ಷಿಸಬೇಕು. ನೇರವಾಗಿ ಮ್ಯಾಜಿಸ್ಟ್ರೇಟರಿಗೇ ದೂರು ಕೊಡುವ ದಾರಿಯೂ ಇದೆ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ: 15100. ಮಹಿಳಾ ಸಹಾಯವಾಣಿ 181.

ಕೇಸು ಬಿದ್ದುಹೋಗುವುದು ಎಲ್ಲಿ?

‘ಆದೇಶ ನನಗೆ ತಲುಪಿಯೇ ಇಲ್ಲ’ ಎಂಬುದು ಎದುರುದಾರರ ಮಾಮೂಲು ವಾದ. ಆದೇಶ ಜಾರಿಯಾದ ದಾಖಲೆ ಕಡತದಲ್ಲಿದೆಯೇ ಎಂದು ವಕೀಲರ ಮೂಲಕ ಖಚಿತಪಡಿಸಿಕೊಳ್ಳಿ. ಎರಡನೆಯದು, ನೀವೇ ಉತ್ತರಿಸುವುದು. ನೀವು ಒಂದು ಮೆಸೇಜ್ ಕಳಿಸಿದ ಮಾತ್ರಕ್ಕೆ ಆದೇಶ ರದ್ದಾಗುವುದಿಲ್ಲ, ಅದನ್ನು ಬದಲಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಷ್ಟೇ ಇದೆ. ಆದರೂ ಪಾಟೀಸವಾಲಿನಲ್ಲಿ ಅದೇ ಮೆಸೇಜನ್ನು ಹಿಡಿದು ಎಳೆಯುತ್ತಾರೆ. ಜೀವನಾಂಶ ಬಾಕಿಗೆ ದಾರಿಯೇ ಬೇರೆ: ಕೌಟುಂಬಿಕ ಹಿಂಸೆ ಕಾಯ್ದೆಯ 20(6)ರಡಿ ಸಂಬಳದಿಂದ ನೇರ ಕಡಿತಕ್ಕೆ ಅರ್ಜಿ ಹಾಕಿ.

ಗಡುವೂ ಇದೆ. ಉಲ್ಲಂಘನೆ ನಡೆದ ದಿನದಿಂದ ಒಂದು ವರ್ಷದೊಳಗೆ ಠಾಣೆಯಲ್ಲಿ ಎಫ್‌ಐಆರ್ ದಾಖಲಾಗಬೇಕು, ಇಲ್ಲವೇ ಮ್ಯಾಜಿಸ್ಟ್ರೇಟರಿಗೆ ದೂರು ಸಲ್ಲಿಕೆಯಾಗಬೇಕು. ‘ಇದೊಂದು ಸಲ ನೋಡೋಣ’ ಎಂದು ತಿಂಗಳುಗಟ್ಟಲೆ ಕಾದರೆ ನಷ್ಟ ನಿಮಗೇ.

ಬಂಧನವಾದರೆ ಜಾಮೀನು ಅರ್ಜಿ ಬಂದೇ ಬರುತ್ತದೆ. ಅದಕ್ಕೆ ಮುಂಚೆ ಸರ್ಕಾರಿ ಅಭಿಯೋಜಕರನ್ನು (ಪಬ್ಲಿಕ್ ಪ್ರಾಸಿಕ್ಯೂಟರ್) ಕಂಡು, ಸಂಪರ್ಕಿಸಬಾರದು, ಮನೆ ಮತ್ತು ಕೆಲಸದ ಸ್ಥಳದಿಂದ ದೂರವಿರಬೇಕು ಎಂಬ ಷರತ್ತುಗಳನ್ನು 15ನೇ ನಿಯಮದಡಿ ಕೋರಲು ಹೇಳಿ. ಜಾಮೀನು ಆದೇಶದ ಪ್ರತಿಯನ್ನೂ ಪಡೆದಿಡಿ. ಆ ಷರತ್ತು ಮುರಿದರೆ ಜಾಮೀನು ರದ್ದತಿಗೆ ಅರ್ಜಿ ಹಾಕಲು ಅದೇ ಆಧಾರ.