ರಾತ್ರಿ ತುಂಬಿಸಿದ ಟ್ಯಾಂಕು ಬೆಳಿಗ್ಗೆ ಖಾಲಿ

ರಾತ್ರಿ ಟ್ಯಾಂಕು ತುಂಬಿಸಿ ಮಲಗಿದ್ದೆವು. ಬೆಳಿಗ್ಗೆ ಐದೂವರೆಗೆ ಅತ್ತೆ ಬಚ್ಚಲಿಂದ ಕೂಗಿದರು: "ನಳದಾಗ ನೀರ ಬರವಲ್ದು ನೋಡವ್ವಾ." ಮಾಳಿಗೆ ಹತ್ತಿ ಮುಚ್ಚಳ ತೆಗೆದೆ. ತಳದಲ್ಲಿ ನಾಲ್ಕು ಬೆರಳು ನೀರು. ಸಾವಿರ ಲೀಟರಿನ ಟ್ಯಾಂಕು ಅದು. ಮಲಗಿದ ಮೇಲೆ ಯಾರೂ ಒಂದು ಚೊಂಬು ನೀರೂ ಬಳಸಿರಲಿಲ್ಲ.

ಇದು 2024ರ ಆಗಸ್ಟ್ ತಿಂಗಳ ಮಾತು. ನಮ್ಮದು ಸಿಂಧನೂರು, ತುಂಗಭದ್ರಾ ಎಡದಂಡೆ ಕಾಲುವೆ ನಂಬಿ ಬದುಕುವ ಊರು. ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಗಿತ್ತು. ಊರಲ್ಲಿ ಎಲ್ಲಿ ನಿಂತರೂ ಅದೇ ಮಾತು. ಎಷ್ಟು ನೀರು ಹೋಯಿತು, ಭತ್ತಕ್ಕೆ ಉಳಿಯುತ್ತಾ, ಇಲ್ವಾ? ಅಂಥ ವಾರದಲ್ಲಿ ನಮ್ಮ ಮನೆಯಲ್ಲೇ ರಾತ್ರಿಯಿಡೀ ನೀರು ಹರಿದುಹೋಗಿತ್ತು. ನನಗೆ ಹೊಟ್ಟೆ ಉರಿದುಹೋಯಿತು.

ಪ್ಲಂಬರ್ ಹುಡುಗ ಫೋನಿನಲ್ಲೇ ಹೇಳಿದ: "ಅಕ್ಕಾರ, ಮೊದ್ಲು ಮ್ಯಾಲಿನ ವಾಲ್ ಬಂದ್ ಮಾಡ್ರಿ. ಆಮ್ಯಾಲ ಎಲ್ಲಿ ಸೋರ್ತದ ನೋಡೂಣು."

ನಮ್ಮ ಟ್ಯಾಂಕಿನಿಂದ ಎರಡು ಲೈನ್ ಇಳಿಯುತ್ತವೆ. ಒಂದು ಮನೆಯೊಳಗೆ, ಇನ್ನೊಂದು ಹಿತ್ತಲಿಗೆ. ಎರಡಕ್ಕೂ ಚಕ್ರದಂಥ ಹಿಡಿಯ ಗೇಟ್ ವಾಲ್ವ್ ಇದ್ದವು. ಒಂದು ಅಲುಗಾಡಲೇ ಇಲ್ಲ. ಇನ್ನೊಂದು ಪೂರ್ತಿ ತಿರುಗಿತು, ಆದರೂ ನೀರು ಹೋಗುತ್ತಲೇ ಇತ್ತು. ಮನೆ ಕಟ್ಟಿ 11 ವರ್ಷವಾಗಿತ್ತು. ಅಲ್ಲಿಯವರೆಗೆ ಒಮ್ಮೆಯೂ ನಾವು ಅವನ್ನು ಮುಟ್ಟಿರಲಿಲ್ಲ. ಗೇಟ್ ವಾಲ್ವಿನೊಳಗೆ ಹಿತ್ತಾಳೆಯ ಬಿಲ್ಲೆಯೊಂದು ಕೆಳಗಿಳಿದು ತಳದ ತೋಡಿನಲ್ಲಿ ಕೂರಬೇಕು. ನಮ್ಮ ಬೋರ್ ನೀರು ಆ ತೋಡನ್ನೇ ಸುಣ್ಣದಿಂದ ತುಂಬಿಬಿಟ್ಟಿತ್ತು. ಹುಡುಗ ಬಿಚ್ಚಿ ತೋರಿಸಿದಾಗ ಒಳಗೆ ಹಳೇ ಸುಣ್ಣದ ಗೋಡೆಯ ಚಕ್ಕೆಯಂಥದ್ದು ಕೂತಿತ್ತು.

ಇಂಥ ವಾಲ್ವಿಗೆ ಸ್ಪ್ಯಾನರ್ ಹಾಕಿ ಬಲವಂತ ಮಾಡಬೇಡಿ. ಒಳಗಿನ ದಂಡ ಮುರಿದರೆ ಟ್ಯಾಂಕಿನ ನೀರೆಲ್ಲ ತಲೆ ಮೇಲೆ ಬರುತ್ತದೆ. ಟ್ಯಾಂಕು ಖಾಲಿ ಇದ್ದಾಗ ಬದಲಾಯಿಸುವುದೇ ಸರಿ. ಹೇಗೂ ನಮ್ಮದು ಖಾಲಿಯೇ ಇತ್ತಲ್ಲ, ಅವತ್ತೇ ಎರಡನ್ನೂ ತೆಗೆಸಿ ಉದ್ದ ಹಿಡಿಯ ಬಾಲ್ ವಾಲ್ವ್ ಹಾಕಿಸಿದೆ. ಹಿಡಿ ಪೈಪಿನ ಉದ್ದಕ್ಕಿದ್ದರೆ ಚಾಲೂ, ಅಡ್ಡಕ್ಕಿದ್ದರೆ ಬಂದ್. ಕಣ್ಣಿಗೇ ಕಾಣುತ್ತದೆ.

ಸೋರುವ ಜಾಗ ಹುಡುಕುವ ಕೆಲಸ ನಾನೇ ಮಾಡಿದೆ. ಇದಕ್ಕೆ ಪ್ಲಂಬರ್ ಬೇಕಿಲ್ಲ, ಮೂರು ರಾತ್ರಿ ಬೇಕು ಅಷ್ಟೆ. ಒಂದು ಉದ್ದ ಕೋಲಿಗೆ ಸೆಂಟಿಮೀಟರ್ ಗುರುತು ಹಾಕಿಕೊಂಡೆ. ನಮ್ಮ ಟ್ಯಾಂಕಿನ ಅಡ್ಡಳತೆ 105 ಸೆಂಟಿಮೀಟರ್. ಲೆಕ್ಕ ಹಾಕಿದರೆ ನೀರು ಒಂದು ಸೆಂಟಿಮೀಟರ್ ಇಳಿದರೆ ಸುಮಾರು ಎಂಟೂವರೆ ಲೀಟರ್ ಹೋದಂತೆ. ಮೊದಲ ರಾತ್ರಿ ಎರಡೂ ವಾಲ್ವ್ ಬಂದ್. ಬೆಳಿಗ್ಗೆ ಮಟ್ಟ ಹಾಗೇ ಇತ್ತು, ಅಂದರೆ ಟ್ಯಾಂಕು ಒಡೆದಿಲ್ಲ. ಎರಡನೇ ರಾತ್ರಿ ಮನೆಯೊಳಗಿನ ಲೈನ್ ಮಾತ್ರ ಬಿಟ್ಟೆ. ಹತ್ತರಿಂದ ಆರರವರೆಗೆ 20 ಸೆಂಟಿಮೀಟರ್ ಇಳಿದಿತ್ತು. ಮೂರನೇ ರಾತ್ರಿ ಹಿತ್ತಲ ಲೈನ್ ಮಾತ್ರ. 80 ಸೆಂಟಿಮೀಟರ್! ಒಂದಲ್ಲ, ಎರಡು ಕಡೆ ಸೋರುತ್ತಿತ್ತು.

ಮನೆಯೊಳಗಿನದು ಪಾಯಿಖಾನೆಯ ಫ್ಲಶ್ ಟ್ಯಾಂಕು. ಸದ್ದಿಲ್ಲ, ನೆಲ ಒದ್ದೆಯಿಲ್ಲ. ನೀರು ಕಮೋಡಿನ ಒಳಗೋಡೆಗಂಟಿಕೊಂಡು ತೆಳ್ಳಗೆ ಇಳಿಯುತ್ತಿದ್ದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬಟ್ಟೆಗೆ ಹಾಕುವ ನೀಲಿ ಹತ್ತು ಹನಿ ಫ್ಲಶ್ ಟ್ಯಾಂಕಿಗೆ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡಬೇಡಿ ಅಂದೆ. ಹೋಗಿ ನೋಡಿದರೆ ಬಿಳಿ ಕಮೋಡಿನ ಒಳಗೋಡೆಯಲ್ಲಿ ದಾರದಷ್ಟು ಸಣ್ಣ ನೀಲಿ ಗೆರೆ. ಫ್ಲಶ್ ಟ್ಯಾಂಕಿಗೆ ಬರುವ ಆಂಗಲ್ ಕಾಕ್ ಬಂದ್ ಮಾಡಿ ಒಳಗಿನ ವಾಲ್ವ್ ಎತ್ತಿದೆ. ರಬ್ಬರ್ ವಾಷರ್ ಕೂರುವ ಅಂಚಿನ ಮೇಲೆ ಬೆರಳಾಡಿಸಿದರೆ ಸಕ್ಕರೆ ಹರಳಿನ ಮೇಲೆ ಕೈಯಿಟ್ಟಂತೆ ತರಿತರಿ. ಎರಡು ಚಮಚ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಬಿಸಿನೀರಿಗೆ ಹಾಕಿ, ಬಟ್ಟೆ ನೆನೆಸಿ ಅಂಚಿಗೆ ಸುತ್ತಿ ಒಂದು ಗಂಟೆ ಬಿಟ್ಟೆ. ಹಳೇ ಬ್ರಷ್‌ನಿಂದ ತಿಕ್ಕಿದಾಗ ನುಣ್ಣಗಾಯಿತು. ಗಂಗಾವತಿ ರಸ್ತೆಯ ಅಂಗಡಿಗೆ ಹಳೇ ವಾಷರ್ ಒಯ್ದು, ಅದೇ ಅಳತೆಯದು ತಂದು ಹಾಕಿದೆ. ಅಳತೆ ಬಾಯಲ್ಲಿ ಹೇಳಿ ತಂದ ವಾಷರ್ ಎಂದೂ ಸರಿಯಾಗಿ ಕೂರುವುದಿಲ್ಲ, ಹಳೆಯದನ್ನು ಒಯ್ಯಲೇಬೇಕು.

ಹಿತ್ತಲ ಲೈನಿಗೆ ಹುಡುಗನೇ ಬೇಕಾಯಿತು. ಪೈಪು ನೆಲದೊಳಗೆ ಇತ್ತು. ಮಳೆಗಾಲವಾದ್ದರಿಂದ ಮೇಲೆ ನೆಲವೆಲ್ಲ ಒದ್ದೆ, ಸೋರಿದ್ದು ಯಾವುದು, ಮಳೆಯದು ಯಾವುದು ಗೊತ್ತಾಗುತ್ತಿರಲಿಲ್ಲ. ಅವನು ಸೀದಾ ಗೋಡೆಯ ಮೂಲೆಯಲ್ಲಿ ಅಗೆದ. ಅಲ್ಲೇ ಎಲ್ಬೋ, ಅಂದರೆ ಪೈಪು ತಿರುಗುವ ಕಡೆಯ ಜೋಡಣೆ, ಸೀಳಿತ್ತು. "ಎರಿ ಭೂಮ್ಯಾಗ ಇದು ಇದ್ದದ್ದರೀ" ಅಂದ. ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಮನೆಯ ಗೋಡೆ ಅಲುಗದೆ ನಿಂತಿರುತ್ತದೆ, ಪಕ್ಕದ ಮಣ್ಣು ಮಾತ್ರ ಏರಿಳಿಯುತ್ತದೆ. ನಡುವೆ ಸಿಕ್ಕಿದ ಪೈಪು ಏನು ಮಾಡೀತು?

ಅದನ್ನೇ ರಿಪೇರಿ ಮಾಡಿ ಮುಚ್ಚಬಹುದಿತ್ತು. ನಾನು ಬೇಡ ಅಂದೆ. ಹೊಸ ಪೈಪನ್ನು ಕಾಂಪೌಂಡ್ ಗೋಡೆಗೆ ಕ್ಲಾಂಪ್ ಹಾಕಿ ಮೇಲೆಯೇ ಎಳೆಸಿದೆ. ನೋಡಲು ಚೆನ್ನಾಗಿಲ್ಲ ಅಂತ ಮನೆಯವರು ಗೊಣಗಿದರು. ಆದರೆ ಎರೆ ನೆಲದಲ್ಲಿ ಮನೆ ಇದ್ದವರಿಗೆ ನಾನು ಹೇಳುವುದು ಇದನ್ನೇ: ಕಣ್ಣಿಗೆ ಕಾಣುವ ಪೈಪೇ ಒಳ್ಳೆಯದು. ನೆಲದಲ್ಲೇ ಹಾಕಬೇಕಾದರೆ ಕೆಳಗೂ ಮೇಲೂ ಮರಳು ತುಂಬಿಸಿ, ಗೋಡೆ ದಾಟುವ ಕಡೆ ದೊಡ್ಡ ಪೈಪಿನ ತುಂಡಿನೊಳಗೆ ತೂರಿಸಿ. ಆಗ ಮಣ್ಣು ಅಲುಗಿದರೂ ಪೈಪಿಗೆ ಸ್ವಲ್ಪ ಜಾಗ ಇರುತ್ತದೆ. ಮೇಲೆ ಎಳೆದ ಪೈಪಿಗೆ ಬಣ್ಣ ಬಳಿಯುವುದನ್ನು ಮರೆಯಬೇಡಿ. ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿಲು ಬಿದ್ದೂ ಬಿದ್ದೂ ಪಿವಿಸಿ ಪೆಡಸಾಗಿ, ಸಣ್ಣ ಏಟಿಗೂ ಒಡೆಯುತ್ತದೆ. ಬಿಳಿ ಎಮಲ್ಷನ್ ಎರಡು ಕೋಟ್ ಸಾಕು.

ಬೋರ್ ನೀರನ್ನು ಆಮೇಲೆ ಟೆಸ್ಟ್ ಮಾಡಿಸಿದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಅನ್ನುತ್ತದೆ ಐಎಸ್ 10500 ಮಾನದಂಡ. ನಮ್ಮದು 700 ದಾಟಿತ್ತು. ಈಗ ಬಟ್ಟೆ, ಪಾತ್ರೆ, ಗಿಡಕ್ಕೆ ಮಾತ್ರ ಬೋರ್. ಗೀಸರಿಗೆ ಹೋಗುವುದು ಕಾಲುವೆಯ ನೀರು. ನೀರು ಕಾದಷ್ಟೂ ಸುಣ್ಣ ಜಾಸ್ತಿ ಕಟ್ಟುತ್ತದೆ, ಅದಕ್ಕೇ ಗೀಸರನ್ನು 55 ಡಿಗ್ರಿಯ ಮೇಲೆ ಇಡುವುದಿಲ್ಲ. ಶವರಿನ ತೂತು ಕಟ್ಟಿದಾಗ ಪ್ಲಾಸ್ಟಿಕ್ ಚೀಲದಲ್ಲಿ ನಿಂಬೆ ಉಪ್ಪಿನ ನೀರು ತುಂಬಿ, ರಬ್ಬರ್ ಬ್ಯಾಂಡಿನಿಂದ ಶವರಿಗೆ ಕಟ್ಟಿ ಒಂದೆರಡು ಗಂಟೆ ಬಿಡುತ್ತೇನೆ. ಬಚ್ಚಲು ತೊಳೆಯುವ ಆಸಿಡ್ ನಳಕ್ಕೆ ಹಾಕಿದರೆ ಹೊಳಪು ಕಿತ್ತುಹೋಗುತ್ತದೆ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಟ್ಟಿಗೆ ಎಂದೂ ಬಳಸಬೇಡಿ, ಕ್ಲೋರಿನ್ ಗಾಳಿ ಎದ್ದು ಉಸಿರು ಕಟ್ಟುತ್ತದೆ.

ಅಡುಗೆಮನೆ ಸಿಂಕಿನದು ನಮ್ಮ ಕಡೆಯದೇ ಸಮಸ್ಯೆ. ದಿನಾ ರೊಟ್ಟಿ ಬಡಿಯುವ ಮನೆ. ಹಿಟ್ಟು ನಾದಿದ ಪರಾತ ಸಿಂಕಿನಲ್ಲಿ ತೊಳೆಯುತ್ತೇವೆ. ಪೈಪು ಕಟ್ಟಿಕೊಂಡಿತು ಅಂತ ಮೇಲೆ ಕುದಿಯುವ ನೀರು ಸುರಿಯುತ್ತೇವೆ. ಜೋಳದ ಹಿಟ್ಟಿಗೆ ಬಿಸಿನೀರು ಬಿದ್ದರೆ ಅಂಟಾಗುತ್ತದೆ, ರೊಟ್ಟಿಗೆ ನಾವು ಎಸರು ಹಾಕುವುದೂ ಅದಕ್ಕೇ ಅಲ್ವಾ? ಪೈಪಿನೊಳಗೂ ಅದೇ ಆಗುತ್ತದೆ. ಈಗ ಪರಾತವನ್ನು ಮೊದಲು ಕೈಯಿಂದ ಬಳಿದು, ತಣ್ಣೀರಲ್ಲಿ ತೊಳೆದು ಆ ನೀರನ್ನು ದನದ ಬಾನಿಗೆ ಹಾಕುತ್ತೇವೆ. ಸಿಂಕಿನ ಕೆಳಗಿನ ಬಾಟಲ್ ಟ್ರ್ಯಾಪನ್ನು ಎರಡು ತಿಂಗಳಿಗೊಮ್ಮೆ ಬಿಚ್ಚುತ್ತೇನೆ. ಕೆಳಗೆ ಬಕೆಟ್ ಇಟ್ಟು ಕೈಯಲ್ಲೇ ತಿರುಗಿಸಿದರೆ ಬರುತ್ತದೆ.

ಬೇಸಿಗೆಯಲ್ಲಿ ಊರಿಗೆ ಹೋಗಿ ಬಂದಾಗ ಬಚ್ಚಲಿಂದ ಗಟಾರದ ವಾಸನೆ ಬಂದರೆ ಹೆದರಬೇಡಿ. ನೆಲದ ಜಾಲರಿ ಕೆಳಗಿನ ಟ್ರ್ಯಾಪಿನಲ್ಲಿ ನಿಂತು ವಾಸನೆ ತಡೆಯುವ ನೀರು ಆರಿರುತ್ತದೆ. ಒಂದು ಬಕೆಟ್ ನೀರು ಹಾಕಿದರೆ ಸಾಕು.

ವಾಲ್ವ್ ಮಾತ್ರ ಇನ್ನು ಎಂದೂ ಸುಣ್ಣ ಕಟ್ಟಿ ಬಿಗಿಯಬಾರದು ಅಂತ ಪಣ ತೊಟ್ಟಿದ್ದೇನೆ. ತಿಂಗಳಿಗೊಮ್ಮೆ ಎಲ್ಲವನ್ನೂ ಬಂದ್ ಮಾಡಿ ಮತ್ತೆ ಬಿಡಬೇಕು. ತಾರೀಖು ನನಗೆ ನೆನಪಿರುತ್ತಿರಲಿಲ್ಲ. ಅತ್ತೆಗೆ ಅಮಾವಾಸ್ಯೆ ತಪ್ಪುವುದಿಲ್ಲ. ಅವತ್ತು ಪೂಜೆ ಮುಗಿದ ಕೂಡಲೇ "ಮ್ಯಾಲ ಹೋಗಿ ವಾಲ್ ತಿರುವಿ ಬಾ" ಅನ್ನುತ್ತಾರೆ. ಎರಡು ವಾಲ್ವಿಗೂ ಬಣ್ಣದಲ್ಲಿ 'ಮನೆ', 'ಹಿತ್ತಲು' ಅಂತ ಬರೆದಿದ್ದೇನೆ. ನಾನಿಲ್ಲದ ದಿನ ಮಗಳು ಹತ್ತಿ ತಿರುವುತ್ತಾಳೆ.