ಕಟ್ಟಿದ ಭಾಷೆಗೆ ಬೈಗುಳ ಕೂಡಿಸುವುದು ಹೇಗೆ?

ಕಾದಂಬರಿಗೋ ಆಟಕ್ಕೋ ಹೊಸ ಭಾಷೆ ಕಟ್ಟುವವರು ಸೂರ್ಯ, ನೀರು, ಅಮ್ಮ ಎಂದೆಲ್ಲ ಪದ ಮಾಡಿಟ್ಟಿರುತ್ತಾರೆ. ಎರಡು ಪಾತ್ರ ಜಗಳಕ್ಕೆ ನಿಂತಾಗ ಮಾತ್ರ ಬಾಯಿಗೆ ಏನೂ ಬರುವುದಿಲ್ಲ. ಆಗ ‘ಗ್ರಾಕ್’, ‘ಝೂಗ್’ ಎಂದೇನೋ ಬರೆದುಬಿಡುತ್ತಾರೆ. ಅದು ಬೈದಂತಲ್ಲ, ಸೀನಿದಂತೆ ಕೇಳಿಸುತ್ತದೆ.

ಹಾಗಾಗಿ ಮೊದಲ ಹೆಜ್ಜೆಯಲ್ಲಿ ಪದದ ಗೊಡವೆಯೇ ಬೇಡ. ಆ ಜನ ಯಾವುದಕ್ಕೆ ಕೈಮುಗಿಯುತ್ತಾರೆ, ಯಾವುದಕ್ಕೆ ಹೆದರುತ್ತಾರೆ, ಯಾವುದರಿಂದ ಮರ್ಯಾದೆ ಹೋಗುತ್ತದೆ ಎಂದು ಬರೆದುಕೊಳ್ಳಿ. ಚರ್ಚಿನ ಹಿಡಿತ ಬಿಗಿಯಾಗಿದ್ದ ಕೆನಡಾದ ಕ್ವಿಬೆಕ್‌ನಲ್ಲಿ ‘ತಬರ್ನಾಕ್’, ‘ಕಾಲಿಸ್’ ಜೋರು ಬೈಗುಳ. ಒಂದು ಪೂಜೆಯ ಪೆಟ್ಟಿಗೆ, ಇನ್ನೊಂದು ಪೂಜೆಯ ಬಟ್ಟಲು. ಡಚ್ಚರು ಟೈಫಾಯ್ಡ್, ಕ್ಯಾನ್ಸರ್ ಹೆಸರಲ್ಲಿ ಬೈಯುತ್ತಾರೆ. ನಮ್ಮ ‘ಬೇವರ್ಸಿ’ ಎಂದರೆ ವಾರಸುದಾರರಿಲ್ಲದವನು. ವಂಶ, ಆಸ್ತಿಯ ಚಿಂತೆ ಇದ್ದಲ್ಲೇ ಅದು ಚುಚ್ಚುವುದು. 2011ರಲ್ಲಿ ಶುರುವಾದ ‘ಗೇಮ್ ಆಫ್ ಥ್ರೋನ್ಸ್’ ಟಿವಿ ಸರಣಿಗಾಗಿ ಡೇವಿಡ್ ಪೀಟರ್ಸನ್ ಕಟ್ಟಿದ ದೋಥ್ರಾಕಿ ಕುದುರೆ ಸವಾರರ ಭಾಷೆ. ಅಲ್ಲಿ ಪರಕೀಯನನ್ನು ‘ಇಫಾಕ್’ ಎನ್ನುತ್ತಾರೆ, ಅಂದರೆ ನಡೆದುಹೋಗುವವನು. ಹೆಂಗಸರ ಶೀಲಕ್ಕೂ ಜಾತಿಗೂ ಕೈಹಾಕುವ ಬೈಗುಳ ಸುಲಭವಾಗಿ ಸಿಗುತ್ತದೆ. ಕಲ್ಪನೆಯ ಲೋಕಕ್ಕೂ ಅದನ್ನೇ ಹೊತ್ತೊಯ್ಯುವುದು ಬರೀ ಸೋಮಾರಿತನ.

ಈಗ ಒಂದು ಪದ ಮಾಡೋಣ. ನಿಮ್ಮವರು ಬಂಡೆ ಹತ್ತಿ ಹೆಜ್ಜೇನು ಇಳಿಸುವ ಜನ ಎಂದಿಟ್ಟುಕೊಳ್ಳಿ. ತುಪ್ಪ ತುಂಬಿದ ಭಾಗವನ್ನಷ್ಟೇ ಕೊಯ್ಯಬೇಕು, ಮರಿಯಿರುವ ಎರಿ ಬಿಡಬೇಕು ಎನ್ನುವುದು ಕಟ್ಟಳೆ. ದುರಾಸೆಗೆ ಬಿದ್ದು ಮರಿಯನ್ನೂ ಹಿಂಡಿದವನು ಅಲ್ಲಿ ಮಹಾಪಾಪಿ. ಮರಿಗೆ ‘ತೊರಿ’, ಹಿಂಡುವುದಕ್ಕೆ ‘ಗಶ್’, ಮಾಡುವವನಿಗೆ ‘ಕು’. ಸೇರಿಸಿದರೆ ‘ತೊರಿಗಶ್ಕು’.

ಇಷ್ಟುದ್ದದ ಪದ ಸಿಟ್ಟಿನಲ್ಲಿ ಬಾಯಿಂದ ಹೊರಡುವುದಿಲ್ಲ, ಸವೆಸಿ. ಪಂಚಾಯಿತಿಯಲ್ಲಿ ಹಿರಿಯರು ಪೂರ್ತಿ ಹೇಳಲಿ, ಜಗಳದಲ್ಲಿ ‘ಗಶ್ಕು’ ಸಾಕು, ಕಾಲಿಗೆ ಕಲ್ಲು ಎಡವಿದರೆ ಬರೀ ‘ಗಶ್!’. ದೊಡ್ಡವರ ಮುಂದೆ ಮಕ್ಕಳು ನಾಲಿಗೆ ತಿರುಗಿಸಿ ‘ಗಲ್ಕು’ ಎಂದು ತಪ್ಪಿಸಿಕೊಳ್ಳಲಿ. ಸದ್ದಿನ ಬಗ್ಗೆ ಒಂದು ಸುಳಿವಿದೆ: 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು, ಹಲವು ಭಾಷೆಗಳ ಬೈಗುಳಗಳಲ್ಲಿ ಯ, ರ, ಲ, ವ ಜಾತಿಯ ದನಿಗಳು ಕಡಿಮೆ ಎಂದು ಕಂಡುಕೊಂಡಿತು. ‘ಬೇವರ್ಸಿ’ಗೆ ಇದು ಗೊತ್ತಿಲ್ಲ ಬಿಡಿ.

ಯಾರು ಯಾರಿಗೆ ಅನ್ನಬಹುದು ಎಂಬುದನ್ನೂ ಗೊತ್ತುಮಾಡಿ. ‘ಬಡ್ಡಿಮಗನೇ’ ಎಂದು ಗೆಳೆಯ ಕರೆದರೆ ಟೀ ಕುಡಿಯಲು ಹೋಗುತ್ತೇವೆ, ಅಪರಿಚಿತ ಅಂದರೆ ಕೊರಳಪಟ್ಟಿ ಹಿಡಿಯುತ್ತೇವೆ. ನಿಮ್ಮ ಜೇನಿನವರಲ್ಲೂ ಅಜ್ಜಿ ತುಂಟ ಮೊಮ್ಮಗನ ಕೆನ್ನೆ ಹಿಂಡಿ ‘ಗಶ್ಕು’ ಅನ್ನಬಹುದು. ಅಳಿಯ ಮಾವನಿಗೆ ಅಂದರೆ ಬಂಡೆ ಹತ್ತುವಾಗ ಅವನ ಹಗ್ಗ ಹಿಡಿಯುವ ಕೈ ಒಂದು ಕಡಿಮೆಯಾಯಿತು.

ಬೀದಿಮಾತನ್ನು ಹೀಗೆ ಲೆಕ್ಕಹಾಕಿ ಮಾಡಲಾಗದು. ಅದಕ್ಕೆ ಘಟನೆ ಬೇಕು. 1887ರಲ್ಲಿ ಹೊರಬಂದ ಎಸ್ಪೆರಾಂಟೊ ಎಂಬ ಕಟ್ಟಿದ ಭಾಷೆಯಲ್ಲಿ ‘ಕಬೆ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಪೋಲೆಂಡಿನ ಕಣ್ಣಿನ ವೈದ್ಯ ಕಾಜಿಮಿಯೆಜ್ ಬೈನ್ ದೊಡ್ಡ ಹೆಸರು. 1911ರಲ್ಲಿ ಇದ್ದಕ್ಕಿದ್ದಂತೆ ಆ ಭಾಷೆಯ ಸಹವಾಸವನ್ನೇ ಬಿಟ್ಟರು. ಉಳಿದವರು ಸುಮ್ಮನಿರದೆ ‘ಕಬೆಯಿ’ ಎಂಬ ಕ್ರಿಯಾಪದ ಮಾಡಿಕೊಂಡರು: ಉತ್ಸಾಹದಿಂದ ದುಡಿದು ಎಸ್ಪೆರಾಂಟೊಗೆ ಬೆನ್ನು ಹಾಕುವುದು. ನಿಮ್ಮ ಊರಲ್ಲೂ ದೊಮ್ಮ ಎಂಬವನೊಬ್ಬ ಹೊಗೆ ಹಾಕದೆ ಜೇನುಹುಟ್ಟಿಗೆ ಕೈಯಿಟ್ಟು ಊದಿಕೊಂಡು ಬರಲಿ. ಮೊಮ್ಮಕ್ಕಳ ಕಾಲಕ್ಕೆ, ಹುಡುಗಿಯ ಅಪ್ಪನನ್ನು ವಿಚಾರಿಸದೆ ನೇರ ಹೆಣ್ಣು ಕೇಳಲು ಹೋದವನೂ ‘ದೊಮ್ಮಿದ’ ಅನ್ನಿಸಿಕೊಳ್ಳಲಿ.